ಆಷಾಢದಲ್ಲಿ ಮನೆ ಹುಡುಕಿದೆವು

ನಮ್ಮ ಕಡೆ ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವುದೂ ಇಲ್ಲ. ಬಾಡಿಗೆ ಬೋರ್ಡು ಹಾಕಿದ ಮನೆಗಳು ಶ್ರಾವಣದವರೆಗೆ ಖಾಲಿ ನಿಲ್ಲುತ್ತವೆ. ನಾವು ಬೇಕೆಂದೇ ಆ ತಿಂಗಳಲ್ಲಿ ಹುಬ್ಬಳ್ಳಿ-ಧಾರವಾಡದ ಓಣಿ ಓಣಿ ತಿರುಗಿ ಮನೆ ನೋಡಿದೆವು. ಸಾಮಾನು ಸಾಗಿಸಿದ್ದು ಮಾತ್ರ ಶ್ರಾವಣ ಬಂದ ಮೇಲೆ. ಅತ್ತೆಯ ಮನಸ್ಸಿಗೂ ಸಮಾಧಾನ ಆಯಿತು, ನಮ್ಮ ಕೆಲಸವೂ ಆಯಿತು. ಒಂದು ಮನೆ ಮೈಗೆ ಹಿತವೋ ಅಲ್ಲವೋ ಅಂತ ತಿಳಿಯಬೇಕಾದರೆ ಅದನ್ನು ಮಳೆಯಲ್ಲೇ ನೋಡಬೇಕು. ಇದನ್ನು ನಾನು ಪೂರ್ತಿ ನಂಬುತ್ತೇನೆ.

ನಾವು ನಾಲ್ಕು ಜನ. ನಾನು ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ನಮ್ಮ ಮನೆಯವರು ಧಾರವಾಡದ ಆಚೆ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗೆ ಹೋಗುತ್ತಾರೆ. ಅವರದು ಪಾಳಿ ಕೆಲಸ. ಅತ್ತೆಗೆ ಮೊಣಕಾಲು ನೋವು. ಮಗಳು ಎರಡನೇ ಕ್ಲಾಸು. ಹುಬ್ಬಳ್ಳಿಯಲ್ಲಿ ನಾವಿದ್ದದ್ದು ಕೆಳಗಿನ ಮನೆ, ಎರೆ ಭೂಮಿಯ ಮೇಲೆ ಎದ್ದ ಬಡಾವಣೆ. ಮಳೆಗಾಲ ಶುರುವಾದರೆ ಮಗಳಿಗೆ ರಾತ್ರಿ ಕೆಮ್ಮು. ಎದೆಯಲ್ಲಿ ಸೀಟಿ ಹೊಡೆದಂಥ ಸದ್ದು. ಹಗಲು ಆಡಿಕೊಂಡು ಇರುತ್ತಿದ್ದಳು, ಬೆಳಗಿನ ಜಾವ ಎದ್ದು ಕೂತು ಉಸಿರಿಗೆ ಒದ್ದಾಡುತ್ತಿದ್ದಳು.

ಮಕ್ಕಳ ಡಾಕ್ಟರು ಎದೆ ನೋಡಿದರು. ಔಷಧ ಬರೆಯುವ ಮೊದಲು ಒಂದು ಮಾತು ಕೇಳಿದರು. "ಈಕಿ ಮಲಗೋ ಖೋಲಿ ಹೆಂಗೈತ್ರಿ? ಗ್ವಾಡಿ ಹಸಿ ಅದಾವೇನು? ತಿಜೋರಿ ಸರಿಸಿ ಹಿಂದ ನೋಡೀರೇನು?"

ಮನೆಗೆ ಬಂದು ತಿಜೋರಿ ಸರಿಸಿದೆವು. ಉತ್ತರದ ಗೋಡೆಯ ಮೇಲೆ ಅಂಗೈಯಗಲದ ಕಪ್ಪು ಕಲೆಗಳು. ಮುಟ್ಟಿದರೆ ಕೈಗೆ ಮಸಿ ಹತ್ತುತ್ತಿತ್ತು. ಕೆಳಗೆ, ನೆಲದ ಹತ್ತಿರ, ಬಣ್ಣ ಪೊರೆ ಬಿಟ್ಟು ಬಿಳಿ ಉಪ್ಪಿನಂಥ ಪುಡಿ ಉದುರುತ್ತಿತ್ತು. ಮಗಳ ಹಾಸಿಗೆ ಅದೇ ಗೋಡೆಗೆ ಹತ್ತಿಕೊಂಡಿತ್ತು. ಮಾಲೀಕರು ಯುಗಾದಿಗೆ ಬಣ್ಣ ಬಳಿಸಿದ್ದರು. ಮಿರಗದ ಮಳೆ ಬೀಳುವುದೇ ತಡ, ಕಲೆ ಬಣ್ಣದ ಮೇಲೆ ಬಂದಿತ್ತು.

ಡಾಕ್ಟರು ತಿಳಿಸಿ ಹೇಳಿದ್ದು ಇಷ್ಟು. ಗೋಡೆ ಬಹಳ ದಿನ ಹಸಿ ಇದ್ದರೆ ಬೂಷ್ಟು ಬೆಳೆಯುತ್ತದೆ. ಅದರ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಯಲ್ಲಿ ತೇಲಿ ಶ್ವಾಸನಾಳಕ್ಕೆ ಹೋಗುತ್ತವೆ. ಅಲರ್ಜಿ ಇರುವ ಮಕ್ಕಳಲ್ಲಿ ನಾಳ ಬಾತು ಬಿಗಿಯುತ್ತದೆ. ತೇವ ಇದ್ದಲ್ಲಿ ಹಾಸಿಗೆಯ ಧೂಳುಹುಳ ಜಾಸ್ತಿ, ಜಿರಳೆಯೂ ಜಾಸ್ತಿ. ಅವೂ ಅಸ್ತಮಾ ಕೆರಳಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಅದರ ಸಾರ, ತೇವ ಬರದಂತೆ ತಡೆಯಿರಿ, ಬಂದರೆ ಮೂಲ ಹುಡುಕಿ ಸರಿಪಡಿಸಿ ಅನ್ನುವುದು. ಮೇಲೆ ಬಣ್ಣ ಬಳಿದರೆ ಬೂಷ್ಟು ಸಾಯುವುದಿಲ್ಲ.

ಡಾಕ್ಟರು ಪಂಪ್, ಅಂದರೆ ಬಾಯಿಂದ ಔಷಧ ಎಳೆದುಕೊಳ್ಳುವ ಇನ್‌ಹೇಲರ್, ಬರೆದುಕೊಟ್ಟರು. ಪಂಪ್ ಅಂದ ಕೂಡಲೇ ಅತ್ತೆಗೆ ಹೆದರಿಕೆ, ಕೂಸಿಗೆ ರೂಢಿ ಆಗಿಬಿಡುತ್ತದೆ ಅಂತ. ಗುಳಿಗೆ ಮೈತುಂಬಾ ಓಡಾಡುತ್ತದೆ, ಪಂಪಿನ ಔಷಧ ಸಣ್ಣ ಪ್ರಮಾಣದಲ್ಲಿ ನೇರ ಶ್ವಾಸನಾಳಕ್ಕೇ ಹೋಗುತ್ತದೆ ಅಂತ ಡಾಕ್ಟರು ಅತ್ತೆಗೇ ಕೂರಿಸಿ ಹೇಳಿದರು. ಮನೆ ಬದಲಿಸಿದಿರಿ ಅಂತ ನೀವೇ ಔಷಧ ನಿಲ್ಲಿಸಬೇಡಿ ಅಂತಲೂ ಅಂದರು. ಇದನ್ನು ಇಲ್ಲಿ ಒತ್ತಿ ಬರೆಯುತ್ತಿದ್ದೇನೆ. ಒಳ್ಳೆ ಮನೆ ಔಷಧದ ಬದಲಿಗೆ ಅಲ್ಲ, ಔಷಧದ ಜೊತೆಗೆ.

ಮನೆ ಹುಡುಕುವ ಮೊದಲು ಒಂದು ರಾತ್ರಿ ನಾಲ್ಕೂ ಜನ ಕೂತೆವು. ಯಾರ ಮೈಗೆ ಏನು ಬೇಕು ಅಂತ ಮಾತಾಡಿದೆವು. ಮಗಳಿಗೆ ಒಣ ಗೋಡೆ, ಗಾಳಿ ಆಡುವ ಕೋಣೆ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರಿಗೆ ರಸ್ತೆಯಿಂದ ದೂರದ ಒಂದು ಕೋಣೆ. ನನಗೆ ಅಡುಗೆಮನೆಯಲ್ಲಿ ಕಿಟಕಿ. ಅತ್ತೆಗೆ ಮೆಟ್ಟಿಲು ಕಡಿಮೆ, ಮನೆಯೊಳಗೇ ಕೂರುವ ಕಮೋಡು. ಇಷ್ಟು ಬರೆದುಕೊಂಡ ಮೇಲೆ ಅತ್ತೆ ಒಂದು ಮಾತು ಸೇರಿಸಿದರು. "ನನಗ ಮಾತಾಡಾಕ ಮಂದಿ ಬೇಕವಾ. ನಾಕು ಗ್ವಾಡಿ ಒಣಾ ಇದ್ರ ನಾನೇನು ಗ್ವಾಡಿ ಕೂಡ ಮಾತಾಡ್ಲೇನು?" ಅದನ್ನೂ ಬರೆದುಕೊಂಡೆ. ಆಮೇಲೆ ನೋಡಿದರೆ ಆ ಮಾತೇ ಎಲ್ಲಕ್ಕಿಂತ ತೂಕದ್ದು ಅನಿಸಿತು.

ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಮೊದಲು ಮಣ್ಣಿನ ಮಾತು ಬಂತು. ಅದನ್ನು ತೆಗೆದದ್ದು ನಮ್ಮ ಪರಿಚಯದ ಗೌಂಡಿ ಕಾಕಾ. ಅವರಿಗೆ ಒಂದು ದಿನದ ಪಗಾರ ಕೊಟ್ಟು ಮನೆ ನೋಡಲು ಜೊತೆಗೆ ಕರೆದೊಯ್ಯುತ್ತಿದ್ದೆವು. ಮನೆ ತೋರಿಸುವ ಏಜೆಂಟರಿಗೆ ಒಂದು ತಿಂಗಳ ಬಾಡಿಗೆ ಕೊಡುತ್ತೇವೆ ಅಲ್ವಾ? ಗೋಡೆ ಓದಬಲ್ಲ ಮನುಷ್ಯನಿಗೆ ಒಂದು ದಿನದ ಕೂಲಿ ಕೊಡುವುದು ಯಾವ ಲೆಕ್ಕ?

ಹುಬ್ಬಳ್ಳಿಯ ಸುತ್ತ ಎರೆ ಮಣ್ಣು ಜಾಸ್ತಿ. ಧಾರವಾಡ ದಾಟಿ ಪಶ್ಚಿಮಕ್ಕೆ ಹೋದಂತೆ ಕೆಂಪು ಮಣ್ಣು, ಮುರಕಲ್ಲು ನೆಲ ಸಿಗುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಮನೆಯೂ ಅದರ ಜೊತೆ ಏರುತ್ತದೆ, ಇಳಿಯುತ್ತದೆ. ಅಡಿಪಾಯ ಸರಿಯಾಗಿ ಹಾಕದಿದ್ದರೆ ಗೋಡೆ ಸೀಳುತ್ತದೆ, ಆ ಸೀಳಿನಿಂದ ಮಳೆನೀರು ಒಳಗೆ ಬರುತ್ತದೆ. "ಕಿಡಕಿ ಮೂಲಿ ನೋಡ್ರಿ ಅಕ್ಕಾರ," ಅನ್ನುತ್ತಿದ್ದರು ಕಾಕಾ. "ಅಲ್ಲಿಂದ ಓರೆಯಾಗಿ ಸೀಳಿದ್ರ ಅದು ಬರೇ ಗಿಲಾಯಿ ಬಿರುಕಲ್ಲ. ಕೆಳಗ ನೆಲಾನ ಆಡಾಕತ್ತೈತಿ." ಪ್ರತಿ ಬಾಗಿಲನ್ನೂ ಒಮ್ಮೆ ತೆಗೆದು ಹಾಕುತ್ತಿದ್ದರು. ಮಳೆಗಾಲದಲ್ಲಿ ಒಂದೇ ಬಾಗಿಲು ಬಿಗಿಯಾದರೆ ಕಟ್ಟಿಗೆ ಉಬ್ಬಿರಬಹುದು. ಎಲ್ಲ ಚೌಕಟ್ಟೂ ಓರೆಯಾಗಿದ್ದರೆ ಅನುಮಾನ ಪಡಬೇಕು. ಎರೆಯ ಮೇಲಿನ ಮನೆಗಳೆಲ್ಲ ಕೆಟ್ಟವು ಅಂತ ಅಲ್ಲ. ಆಳವಾದ ಪಾಯ ತೆಗೆದು, ಕೆಳಗೆ ಮುರುಮು ತುಂಬಿ, ಮನೆ ಸುತ್ತ ನೀರು ನಿಲ್ಲದಂತೆ ಮಾಡಿದ ಗಟ್ಟಿ ಮನೆಗಳು ಹುಬ್ಬಳ್ಳಿಯಲ್ಲಿ ಬೇಕಾದಷ್ಟಿವೆ.

ಹಸಿ ಬರುವ ದಾರಿಗಳನ್ನೂ ಕಾಕಾ ಬಿಡಿಸಿ ಹೇಳಿದರು. ನೆಲದಿಂದ ಏರುವ ತೇವ ಸಾಮಾನ್ಯವಾಗಿ ಮೊಣಕಾಲು, ಸೊಂಟದ ಎತ್ತರಕ್ಕೆ ನಿಲ್ಲುತ್ತದೆ, ಉಪ್ಪು ಬಿಡುತ್ತದೆ. ಮಾಳಿಗೆಯಿಂದ ಇಳಿಯುವುದು ಚತ್ತಿನ ಮೂಲೆಯಲ್ಲಿ ಹಳದಿ ಉಂಗುರ ಬಿಡುತ್ತದೆ. ಬಚ್ಚಲ ಪೈಪು ಸೋರಿದರೆ ಬೇಸಿಗೆಯಲ್ಲೂ ಕಲೆ ಒಣಗುವುದಿಲ್ಲ. ಇನ್ನೊಂದು, ಗಾಳಿ ಆಡದ ಕೋಣೆಯಲ್ಲಿ ಹಸಿ ಬಟ್ಟೆ ಒಣಹಾಕಿ, ಅಡುಗೆಯ ಹಬೆ ತುಂಬಿ ಬರುವ ತೇವ. ಇದು ನಾವೇ ಮಾಡಿಕೊಳ್ಳುವುದು, ಕಿಟಕಿ ತೆರೆದರೆ ಹೋಗುತ್ತದೆ. ಮನೆ ನೋಡುವಾಗ ಕಾಕಾ ಮೊದಲು ಗೋಡೆಯಲ್ಲಿನ ಕಪಾಟು ತೆಗೆದು ಒಳಗೆ ಮೂಗಿಟ್ಟು ವಾಸನೆ ನೋಡುತ್ತಿದ್ದರು. ಗೋಡೆಗೆ ಬಣ್ಣ ಬಳಿಯಬಹುದು, ಮುಚ್ಚಿದ ಕಪಾಟಿನೊಳಗಿನ ಮುಗ್ಗು ವಾಸನೆ ಬಚ್ಚಿಡಲಾಗುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಬಚ್ಚಲ ಪೈಪಿನ ಕಲೆ ಬಿಟ್ಟರೆ ಇವು ಹೆಚ್ಚಾಗಿ ಕಾಣುವುದಿಲ್ಲ. ಆಗ ನಮ್ಮೂರಿನ ಬಿಸಿಲಿಗೆ ಬಹುತೇಕ ಗೋಡೆಗಳು ಒಣಗಿರುತ್ತವೆ. ಶಾಲೆಗೆ ರಜೆ ಇರುತ್ತದೆ ಅಂತ ಎಲ್ಲರೂ ಆಗಲೇ ಮನೆ ಹುಡುಕುತ್ತಾರೆ, ಮಾಲೀಕರೂ ಆಗಲೇ ಬಣ್ಣ ಬಳಿಸುತ್ತಾರೆ. ಆರಿದ್ರಾ, ಪುನರ್ವಸು ಮಳೆ ಹಿಡಿದು ಹೊಡೆಯುವಾಗ ಛತ್ರಿ ಹಿಡಿದು ಹೋಗಿ ನೋಡಿ. ಮನೆ ಏನನ್ನೂ ಮುಚ್ಚಿಡುವುದಿಲ್ಲ.

ಗೋಕುಲ ರೋಡ್ ಕಡೆ ಒಂದು ಹೊಸ ಅಪಾರ್ಟ್‌ಮೆಂಟ್ ನೋಡಿದೆವು. ಲಿಫ್ಟ್ ಇತ್ತು, ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಗೋಡೆ ಒಣಗಿತ್ತು. ಆದರೆ ಮಟಮಟ ಮಧ್ಯಾಹ್ನ ಮಲಗುವ ಕೋಣೆಯಲ್ಲಿ ದೀಪ ಹಚ್ಚಿದ್ದರು. ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರ ಪಕ್ಕದ ಕಟ್ಟಡದ ಗೋಡೆ. ಬಚ್ಚಲ ಕಿಟಕಿ ಡಕ್ಟಿಗೆ, ಅಂದರೆ ಪೈಪುಗಳು ಇಳಿಯುವ ಕಿರಿದಾದ ಸಂದಿಗೆ ತೆರೆಯುತ್ತಿತ್ತು, ಎಲ್ಲ ಮನೆಗಳ ವಾಸನೆಯೂ ಅಲ್ಲಿಗೇ. ಹೊಸ ಪ್ಲೈವುಡ್ಡು, ಹೊಸ ಬಣ್ಣದ ಘಾಟಿಗೆ ಮಗಳು ಒಳಗೆ ಹೋದ ಸ್ವಲ್ಪ ಹೊತ್ತಿಗೇ ಕೆಮ್ಮಲು ಶುರು ಮಾಡಿದಳು. ಪ್ಲೈವುಡ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. ಹೊಸ ಮನೆಗೆ ಹೋಗುವವರು ಕೆಲವು ವಾರ ಕಿಟಕಿ, ಕಪಾಟು ಎಲ್ಲ ತೆರೆದಿಟ್ಟು ಗಾಳಿಯಾಡಿಸಿ ಹೋಗುವುದು ಒಳ್ಳೆಯದು. ಅಲ್ಲಿ ಗಾಳಿಯಾಡಿಸಲು ದಾರಿಯೇ ಇರಲಿಲ್ಲ.

ಕಿಟಕಿಯ ಲೆಕ್ಕ ಆ ಮನೆಯಲ್ಲೇ ಕಲಿತೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಣ ಬಿಸಿ ಹವೆಯ ಊರುಗಳಲ್ಲಿ ಕೋಣೆಯ ಕಿಟಕಿಗಳ ಒಟ್ಟು ಜಾಗ ನೆಲದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ತೇವದ ಬಿಸಿ ಹವೆಯಲ್ಲಿ ಆರನೇ ಒಂದು ಭಾಗ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ ಅಂದರೆ 120 ಚದರ ಅಡಿ. ಅದಕ್ಕೆ ಕಡಿಮೆ ಅಂದರೂ ಮೂರಕ್ಕೆ ನಾಲ್ಕು ಅಡಿಯ ಒಂದು ಕಿಟಕಿ. ಸರಿಯುವ ಗಾಜಿನ ಕಿಟಕಿಯಾದರೆ ಅರ್ಧ ಮಾತ್ರ ತೆರೆಯುತ್ತದೆ, ಆದ್ದರಿಂದ ಗಾಳಿಗೆ ಸಿಗುವುದು ಅರ್ಧವೇ. ಇನ್ನು ಒಂದೇ ಗೋಡೆಯಲ್ಲಿ ದೊಡ್ಡ ಕಿಟಕಿ ಇರುವುದಕ್ಕಿಂತ ಎದುರುಬದುರು ಸಣ್ಣವು ಎರಡಿದ್ದರೆ ಅಡ್ಡಗಾಳಿ ಹರಿಯುತ್ತದೆ.

ಹುಬ್ಬಳ್ಳಿಯಲ್ಲೇ ಇನ್ನೊಂದು ಮನೆ ನಮ್ಮ ಮನೆಯವರಿಗೆ ಬಹಳ ಹಿಡಿಸಿತ್ತು. ಬೆಳಗ್ಗೆ ನೋಡಿದಾಗ ಎಲ್ಲ ಚೆಂದ. ಸಂಜೆ ಮತ್ತೊಮ್ಮೆ ಹೋದರೆ ಹಿಂದಿನ ನಾಲಾದ ವಾಸನೆ ಹಿತ್ತಲ ತುಂಬಾ ಕವಿದಿತ್ತು, ಕತ್ತಲಾದ ಮೇಲೆ ಓಣಿಯ ಮೂಲೆಯಲ್ಲಿ ಕಸಕ್ಕೆ ಬೆಂಕಿ ಹಚ್ಚಿದ್ದರು. ಪ್ಲಾಸ್ಟಿಕ್ ಸುಟ್ಟ ಹೊಗೆ ಅಸ್ತಮಾ ಇರುವ ಮಗುವಿನ ಕಿಟಕಿಗೆ ಬರುವುದೆಂದರೆ ಬೇರೆ ಮಾತೇ ಬೇಡ. ಮನೆ ಯಾವುದೇ ಇರಲಿ, ಬೆಳಗ್ಗೆ ಒಮ್ಮೆ ನೋಡಿದರೆ ದೀಪ ಹಚ್ಚುವ ಹೊತ್ತಿಗೆ ಇನ್ನೊಮ್ಮೆ ನೋಡಿ.

ಆಷಾಢದಲ್ಲಿ ನೋಡುವಾಗ ಒಂದೇ ಒಂದು ಎಚ್ಚರಿಕೆ ಬೇಕು. ಆ ತಿಂಗಳು ಕಲ್ಯಾಣ ಮಂಟಪಗಳು ಸುಮ್ಮನಿರುತ್ತವೆ. ಕೇಶ್ವಾಪುರ ಕಡೆಯ ಒಂದು ಮನೆಯ ಹಿಂದೆಯೇ ಮಂಟಪ ಇತ್ತು. ಕೇಳಿದರೆ ಮನೆ ತೋರಿಸಿದವರು "ಏನೂ ಗದ್ಲ ಇಲ್ರಿ" ಅಂದರು. ಪಕ್ಕದ ಮನೆಯ ಅಕ್ಕ ಮಾತ್ರ, "ಶ್ರಾವಣ ಬರಲಿ, ಆಮ್ಯಾಲ ಬಂದು ಮಲಗಿ ನೋಡ್ರಿ" ಅಂದರು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಆದರೆ ಹಗಲು ಮಲಗಬೇಕಾದ ಪಾಳಿ ಕೆಲಸದವರನ್ನು ಕಾಯುವ ನಿಯಮ ಎಲ್ಲಿದೆ? ಅವರೇ ನೋಡಿಕೊಂಡು ಮನೆ ಹಿಡಿಯಬೇಕು.

ಮಾಳಮಡ್ಡಿಯ ಹಳೆ ಹಂಚಿನ ಮನೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಅದನ್ನು ಬಿಟ್ಟು ಬರಲು ನಮಗೆಲ್ಲ ಸಂಕಟವಾಯಿತು. ಧಾರವಾಡದ ರೈಲ್ವೆ ಸ್ಟೇಷನ್ ಹತ್ತಿರದ ಆ ಓಣಿಗಳಲ್ಲಿ ಇನ್ನೂ ಕೆಲವು ಅಂಥ ಮನೆಗಳು ಉಳಿದಿವೆ. ಮುಂದೆ ಕಟ್ಟೆ, ಒಳಗೆ ಉದ್ದನೆಯ ಪಡಸಾಲೆ, ಮೇಲೆ ಎತ್ತರದ ಹಂಚು, ನಡುವೆ ಗಾಜಿನ ಬೆಳಕಿಂಡಿ, ಹಿಂದೆ ಹಿತ್ತಲು, ಹಿತ್ತಲಲ್ಲಿ ಪೇರಲ ಗಿಡ. ಒಳಗೆ ಕಾಲಿಟ್ಟ ಕೂಡಲೇ ಉಸಿರು ಸಡಿಲಾಯಿತು. ಬಿಸಿಗಾಳಿ ಮೇಲೇರಿ ಹಂಚಿನ ಸಂದಿನಿಂದ ತಾನೇ ಹೊರಗೆ ಹೋಗುತ್ತದೆ, ಕೆಳಗೆ ಕಿಟಕಿಯಿಂದ ತಂಪು ಗಾಳಿ ಬರುತ್ತದೆ. ಫ್ಯಾನೇ ಬೇಡ. ಅತ್ತೆ ಕಟ್ಟೆಯ ಮೇಲೆ ಕೂತುಬಿಟ್ಟರು. ಎದುರು ಮನೆಯ ಅಜ್ಜಿ ಬಂದು ಊರು ಯಾವುದು, ತವರು ಯಾವುದು ಅಂತ ಮಾತಿಗೆ ಶುರು ಮಾಡಿದರು. ಮಳೆ ಸುರಿಯುತ್ತಿತ್ತು, ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಆದರೆ ಮಗಳ ದೃಷ್ಟಿಯಿಂದ ನೋಡಿದಾಗ ಚಿತ್ರ ಬೇರೆ. ಹಂಚಿನ ಕೆಳಗೆ ಮುಚ್ಚಿಗೆ ಇರಲಿಲ್ಲ. ಗಾಳಿ ಬೀಸಿದರೆ ಹಳೆ ಧೂಳು, ಇಲಿಗಳು ಕೆದರಿದ ಕಸ ಹಾಸಿಗೆಯ ಮೇಲೆ ಉದುರುತ್ತಿತ್ತು. ಎರಡು ಕಡೆ ಹಂಚು ಸರಿದು ನೀರು ಇಳಿಯುತ್ತಿತ್ತು, ತೊಲೆಯ ಒಂದು ತುದಿ ಬೆರಳಿಟ್ಟರೆ ಮೆತ್ತಗಿತ್ತು. ಪಕ್ಕದ ಮನೆಯ ನೀರೊಲೆಯ ಹೊಗೆ ಬೆಳಗ್ಗೆ ಹಿತ್ತಲಿಗೇ ಬರುತ್ತದೆ ಅಂತ ಗೊತ್ತಾಯಿತು. ಪಾಯಖಾನೆ ಹಿತ್ತಲ ಆ ತುದಿಗೆ. ಮೊಣಕಾಲು ನೋವಿನ ಅತ್ತೆ ರಾತ್ರಿ ಮಳೆಯಲ್ಲಿ ಹಾವಸೆ ಹಿಡಿದ ಫರ್ಸಿ ಮೇಲೆ ನಡೆದು ಹೋಗಬೇಕು. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮೊದಲಿನಂತೆ ಓಡಾಡುವುದು ಬಹಳ ಕಷ್ಟ. ನಮ್ಮ ಬಳಗದಲ್ಲೇ ಅದನ್ನು ನೋಡಿದ್ದೇವೆ.

"ಸರಿಪಡಿಸಬಹುದು ಅಕ್ಕಾರ, ಆದ್ರ ಸ್ವಂತ ಮನಿ ಆಗಿದ್ರ," ಅಂದರು ಕಾಕಾ. ಬಾಡಿಗೆ ಮನೆಗೆ ಹಾಕುವಷ್ಟು ದುಡ್ಡಿನ ಕೆಲಸ ಅಲ್ಲ ಅದು. ಅತ್ತೆ ವಾಪಸ್ ಬರುವಾಗ ಮಾತೇ ಆಡಲಿಲ್ಲ. ಅವತ್ತು ರಾತ್ರಿ ತಾವೇ ಹೇಳಿದರು, "ಆ ಮನಿ ಬ್ಯಾಡ. ಆದ್ರ ಕಟ್ಟಿ ಇರೋ ಮನಿ ನೋಡ್ರಿ."

ಕೊನೆಗೆ ಸಿಕ್ಕಿದ್ದು ಧಾರವಾಡದಲ್ಲಿ, ಕೆಲಗೇರಿ ಕಡೆ ಹೋಗುವ ದಾರಿಯ ಒಳ ಓಣಿಯಲ್ಲಿ. ಬಳಗದವರು ಬೇಡ ಅಂದರು. ಧಾರವಾಡದಲ್ಲಿ ಹುಬ್ಬಳ್ಳಿಗಿಂತ ಮಳೆ ಜಾಸ್ತಿ, ಥಂಡಿ ಜಾಸ್ತಿ, ದಮ್ಮಿನ ಕೂಸನ್ನು ಅಲ್ಲಿಗೆ ಒಯ್ಯುತ್ತೀರಾ ಅಂತ. ನಾನು ಇದನ್ನೂ ಡಾಕ್ಟರ ಹತ್ತಿರ ಕೇಳಿದೆ. ತಂಪು ಗಾಳಿಗೆ ಕೆಲವು ಮಕ್ಕಳಿಗೆ ಉಸಿರು ಬಿಗಿಯುವುದು ನಿಜ, ಅದಕ್ಕೆ ಬೆಚ್ಚಗಿನ ಬಟ್ಟೆ ಮತ್ತು ಔಷಧ ಇದೆ ಅಂದರು. ದಿನಾ ರಾತ್ರಿ ಎಂಟು ಹತ್ತು ತಾಸು ಬೂಷ್ಟು ಹಿಡಿದ ಗೋಡೆಯ ಪಕ್ಕ ಮಲಗುವುದು ಅದಕ್ಕಿಂತ ಕೆಟ್ಟದ್ದು. ಹೊರಗೆ ಎಷ್ಟು ಮಳೆ ಬೀಳುತ್ತದೆ ಅನ್ನುವುದಕ್ಕಿಂತ ಒಳಗೆ ಎಷ್ಟು ಇಳಿಯುತ್ತದೆ ಅನ್ನುವುದನ್ನು ನಾವು ನೋಡಿದೆವು.

ಮನೆ ಕೆಂಪು ಮಣ್ಣಿನ ಇಳಿಜಾರಿನಲ್ಲಿದೆ, ನೀರು ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ಕೆಳಗಿನ ಮನೆಯೇ, ಆದರೆ ಪ್ಲಿಂತ್, ಅಂದರೆ ಮನೆಯ ನೆಲಗಟ್ಟು, ಅಂಗಳಕ್ಕಿಂತ ಎರಡು ಅಡಿ ಎತ್ತರ. ಮಳೆಗಾಲದ ಗಾಳಿ ನಮ್ಮಲ್ಲಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ. ಎರಚಲು ಹೊಡೆಯುವುದು ಆ ಕಡೆಯ ಗೋಡೆಗೇ. ಈ ಮನೆಗೆ ಪಶ್ಚಿಮಕ್ಕೆ ಪಕ್ಕದ ಮನೆ ಮರೆ ಇದೆ, ಕಿಟಕಿಗಳ ಮೇಲೆ ಅಗಲವಾದ ಛಜ್ಜಾ ಇದೆ. ಮಲಗುವ ಕೋಣೆಗೆ ಪೂರ್ವದ ಬಿಸಿಲು. ಬಣ್ಣ ಹಳೆಯದು, ಮಾಸಿದೆ. ಕಾಕಾಗೆ ಅದೇ ಸಂತೋಷ. "ಹಳೇ ಬಣ್ಣ ಸುಳ್ಳು ಹೇಳಂಗಿಲ್ಲ" ಅಂತ ಗೋಡೆಯುದ್ದಕ್ಕೂ ಅಂಗೈ ಹಿಂಬದಿ ಆಡಿಸುತ್ತಾ ಹೋದರು. ಜೋರು ಮಳೆಯ ಮಾರನೇ ದಿನವೂ ಗೋಡೆ ಒಣಗಿತ್ತು. ಬಚ್ಚಲ ಮನೆಯ ಹೊರಗೋಡೆಯಲ್ಲಿ ಮಾತ್ರ ಒಂದು ಹಸಿ ಕಲೆ ಇತ್ತು, ಅದು ಪೈಪಿನದು.

ಕೊರತೆ ಇಲ್ಲವೇ? ಇವೆ. ಅಡುಗೆಮನೆ ಚಿಕ್ಕದು. ಜುಬಿಲಿ ಸರ್ಕಲ್‌ಗೆ ಬಂದು ಹುಬ್ಬಳ್ಳಿಗೆ ಹೋಗುವ ಚಿಗರಿ (ಅವಳಿ ನಗರದ ತ್ವರಿತ ಬಸ್) ಹಿಡಿಯಲು ನಾನು ಬೆಳಗ್ಗೆ ಬೇಗ ಹೊರಡಬೇಕು. ಚಿಗರಿಗೆ ಅದರದೇ ದಾರಿ ಇರುವುದರಿಂದ ಬೈಕಿನಲ್ಲಿ ಧೂಳು ಕುಡಿಯುತ್ತಾ ಹೋಗುವುದಕ್ಕಿಂತ ಇದು ಮೈಗೆ ಹಗುರ. ನಮ್ಮ ಮನೆಯವರಿಗೆ ಕಾರ್ಖಾನೆ ಹತ್ತಿರವಾಯಿತು. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಹುಬ್ಬಳ್ಳಿವರೆಗೆ ಗಾಡಿ ಓಡಿಸುವುದು ತಪ್ಪಿತಲ್ಲ, ಆ ಒಂದು ಸಮಾಧಾನಕ್ಕೆ ನಾನು ಎಷ್ಟು ದೂರ ಬೇಕಾದರೂ ಬಸ್ಸಿನಲ್ಲಿ ಹೋಗುತ್ತೇನೆ.

ನೀರಿನ ಮಾತು ಎಲ್ಲ ಕಡೆಯೂ ಇದ್ದದ್ದೇ. ಅವಳಿ ನಗರಕ್ಕೆ ಕುಡಿಯುವ ನೀರು ಹೆಚ್ಚಾಗಿ ನವಿಲುತೀರ್ಥದ ಮಲಪ್ರಭಾ ಅಣೆಕಟ್ಟಿನಿಂದ ಬರುತ್ತದೆ. ಕೆಲವು ವಾರ್ಡುಗಳಲ್ಲಿ ಇಪ್ಪತ್ನಾಲ್ಕು ತಾಸು ನಳ, ಇನ್ನು ಕೆಲವು ಕಡೆ ದಿನಗಟ್ಟಲೆ ಕಾಯಬೇಕು. ಕಾಯುವ ಓಣಿಯಲ್ಲಿ ನೀರು ತುಂಬಿಡುತ್ತಾರೆ, ತುಂಬಿಟ್ಟ ಸ್ವಚ್ಛ ನೀರಿನಲ್ಲೇ ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ಸಂಪಿನ ಮುಚ್ಚಳ, ಮೇಲಿನ ಟಾಕಿಯ ಮುಚ್ಚಳ ಎರಡನ್ನೂ ಹತ್ತಿ ನೋಡಿದೆವು. ಸಂಪಿನ ಮುಚ್ಚಳ ತುಕ್ಕು ಹಿಡಿದು ತೂತಾಗಿತ್ತು. ಬಳಕೆಗೆ ಬೋರಿನ ನೀರೂ ಇದೆ. ಅದರ ಒಂದು ಬಾಟಲಿ ಲ್ಯಾಬಿಗೆ ಕೊಟ್ಟೆವು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 1.5. ನಮ್ಮ ಬೋರಿನ ನೀರು ಗಡಸು ಅಂತ ಬಂತು, ಪಾತ್ರೆಗೆ, ಬಟ್ಟೆಗೆ ಮಾತ್ರ ಬಳಸುತ್ತೇವೆ. ಮುಂಡರಗಿ ಕಡೆ ಫ್ಲೋರೈಡಿನ ಕಾಟ ಕಂಡವರು ಗದಗ ಜಿಲ್ಲೆಯ ನನ್ನ ತವರಿನವರು. ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡ ಅಂತ ಅಪ್ಪ ಫೋನಿನಲ್ಲಿ ಮೊದಲೇ ಹೇಳಿದ್ದರು.

ಬಾಡಿಗೆ ಮಾತಿಗೆ ಕೂತಾಗ ನಾವು ದುಡ್ಡು ಇಳಿಸಿ ಅನ್ನಲಿಲ್ಲ. ಆಷಾಢ, ಮನೆ ಖಾಲಿ ಬಿದ್ದಿತ್ತು, ಕೇಳಿದ್ದರೆ ಇಳಿಸುತ್ತಿದ್ದರೇನೋ. ಅದರ ಬದಲು ಕೆಲಸ ಮಾಡಿಸಿಕೊಡಿ ಅಂದೆವು. ಬಚ್ಚಲ ಪೈಪು ಬದಲಾಗಬೇಕು. ಕಿಟಕಿಗಳಿಗೆಲ್ಲ ಸೊಳ್ಳೆ ಜಾಳಿಗೆ. ಅಡುಗೆಮನೆಗೆ ಹೊಗೆ ಎಳೆಯುವ ಫ್ಯಾನು. ಸಂಪಿಗೆ ಹೊಸ ಮುಚ್ಚಳ. ಕಮೋಡಿನ ಪಕ್ಕ, ನೀರು ಹಾಕಿಕೊಳ್ಳುವಲ್ಲಿ ಗೋಡೆಗೆ ಹಿಡಿಕೆ. ಮುಂಬಾಗಿಲ ಮೆಟ್ಟಿಲು ಎತ್ತರ ಇದ್ದವು. ಮನೆಯ ಮೆಟ್ಟಿಲು 190 ಮಿಲಿಮೀಟರ್, ಅಂದರೆ ಏಳೂವರೆ ಇಂಚು ಮೀರಬಾರದು ಅಂತ ಕಟ್ಟಡ ಸಂಹಿತೆ ಹೇಳುತ್ತದೆ. ಇಲ್ಲಿ ಒಂಬತ್ತು ಇಂಚಿನ ಮೇಲಿದ್ದವು. ನಡುವೆ ಇನ್ನೊಂದು ಮೆಟ್ಟಿಲು ಕೂರಿಸಿ, ಪಕ್ಕಕ್ಕೆ ಕಬ್ಬಿಣದ ಪೈಪು ಹಾಕಿಸಿ ಅಂತ ಕೇಳಿದೆವು. ಮಾಲೀಕರು ಮೇಲಿನ ಮನೆಯಲ್ಲೇ ಇರುವ ವಯಸ್ಸಾದ ದಂಪತಿ. ಆ ಅಮ್ಮನಿಗೂ ಮೊಣಕಾಲು ನೋವು. "ಈ ಪೈಪ ನನಗೂ ಬೇಕಾಗಿತ್ತು, ಯಾರೂ ಹೇಳಿರಲಿಲ್ಲ ನೋಡ್ರಿ," ಅಂದರು. ಎಲ್ಲವನ್ನೂ ಕರಾರು ಪತ್ರದಲ್ಲೇ ಬರೆಸಿದೆವು. ಬಾಯಿಮಾತು ಬೇಡ, ಬರೆಸಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ಮಾಲೀಕರು ಎಷ್ಟೇ ಒಳ್ಳೆಯವರಿರಲಿ, ಬರೆದದ್ದು ಇಬ್ಬರಿಗೂ ನೆನಪಿರುತ್ತದೆ.

ಪಕ್ಕದ ಖಾಲಿ ಸೈಟಿನ ತುಂಬಾ ಕಾಂಗ್ರೆಸ್ ಕಸ (ಪಾರ್ಥೇನಿಯಂ ಕಳೆ) ಬೆಳೆದಿತ್ತು. ಅದರ ಹೂವಿನ ಪರಾಗ ಮೂಗು, ಶ್ವಾಸನಾಳ ಕೆರಳಿಸುತ್ತದೆ, ಮುಟ್ಟಿದರೆ ಕೆಲವರಿಗೆ ಚರ್ಮ ಕೆರೆಯುತ್ತದೆ. ಸೈಟಿನವರ ಗುರುತು ಹಿಡಿದು ಒಪ್ಪಿಗೆ ಪಡೆದೆವು. ಹೂವು ಬಿಡುವ ಮೊದಲೇ ಓಣಿಯವರು ಸೇರಿ ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇರು ಸಹಿತ ಕಿತ್ತೆವು. ಮಳೆಗೆ ನೆಲ ಮೆತ್ತಗಿತ್ತು, ಸಲೀಸಾಗಿ ಬಂತು. ಮಗಳನ್ನು ಆ ಹೊತ್ತು ಮನೆಯೊಳಗೇ ಇಟ್ಟಿದ್ದೆವು.

ನಾಗರಪಂಚಮಿಗೆ ಮೊದಲು ಮನೆ ಸೇರಿದೆವು. ಮಗಳ ಹಾಸಿಗೆಯನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇವೆ, ತಿಜೋರಿಯನ್ನೂ. ದಿಂಬಿನ ಚೀಲ, ಹೊದಿಕೆ ವಾರಕ್ಕೊಮ್ಮೆ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕುತ್ತೇನೆ. ಊದಿನಕಡ್ಡಿಯನ್ನು ಅತ್ತೆ ತಾವಾಗಿಯೇ ನಿಲ್ಲಿಸಿ, ದೇವರಿಗೆ ಹೂವು, ತುಪ್ಪದ ದೀಪ ಸಾಕು ಅಂದರು. ಬೆಳಗ್ಗೆ ಅವರು ಮೇಲಿನ ಅಮ್ಮನ ಜೊತೆ ಕೆರೆಯ ಕಡೆ ನಿಧಾನಕ್ಕೆ ನಡೆದು ಬರುತ್ತಾರೆ. ಸಂಜೆ ಮುಂದಿನ ಕಟ್ಟೆಯ ಮೇಲೆ ಓಣಿಯ ನಾಲ್ಕಾರು ಹೆಣ್ಣುಮಕ್ಕಳು ಕೂಡುತ್ತಾರೆ. ಹುಬ್ಬಳ್ಳಿಯಲ್ಲಿ ಇಡೀ ದಿನ ಟಿವಿ ಮುಂದೆ ಕೂತಿರುತ್ತಿದ್ದವರು ಈಗ ಕಾಲು ನೋವಿನ ಮಾತನ್ನೇ ಕಡಿಮೆ ಮಾಡಿದ್ದಾರೆ. ನೋವು ಹೋಗಿಲ್ಲ, ಅದನ್ನು ಮರೆಸುವ ಜನ ಸಿಕ್ಕಿದ್ದಾರೆ.

ಮಗಳಿಗೆ ಪಂಪ್ ನಡೆದಿದೆ. ರಾತ್ರಿ ಎದ್ದು ಕೂರುವುದು ಬಹಳ ಕಡಿಮೆಯಾಗಿದೆ. ಮನೆಯಿಂದ ಎಷ್ಟು, ಔಷಧದಿಂದ ಎಷ್ಟು ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ. ಎರಡೂ ಬೇಕಿತ್ತು. ಯಾವತ್ತು ಕೆಮ್ಮಿದಳು, ಅವತ್ತು ಏನಿತ್ತು ಅಂತ ಬರೆದಿಡಲು ಡಾಕ್ಟರು ಹೇಳಿದ್ದಾರೆ, ಬರೆಯುತ್ತಿದ್ದೇನೆ.

ಈ ನಡುವೆ ಹುಬ್ಬಳ್ಳಿಯ ಹಳೆ ಮನೆ ನೋಡಲು ಬಂದವರೊಬ್ಬರು ಪಕ್ಕದ ಮನೆಯವರಿಂದ ನನ್ನ ನಂಬರ್ ತಗೊಂಡು ಫೋನ್ ಮಾಡಿದರು. ಮನೆ ಹೆಂಗೈತ್ರಿ ಅಕ್ಕಾರ ಅಂತ ಕೇಳಿದರು. ಸಣ್ಣ ಕೂಸು ಇದೆಯಂತೆ. ಉತ್ತರದ ಗೋಡೆಯ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಮೇಲೆ ಮಾಲೀಕರಿಗೂ ನಾನೇ ಫೋನ್ ಮಾಡಿ, ಹೀಗೆ ಹೇಳಿದ್ದೇನೆ, ನೀವು ಒಮ್ಮೆ ನಮ್ಮ ಗೌಂಡಿ ಕಾಕಾಗೆ ತೋರಿಸಿ ಅಂದೆ. ಮೊದಲು ಸಿಟ್ಟಾದರು. ಮರುದಿನ ಅವರೇ ಕಾಕಾನ ನಂಬರ್ ಕೇಳಿದರು. ಕಾಕಾ ಹೋಗಿ ಗೋಡೆ ಕೆದರಿ ನೋಡಿದರೆ ಆಚೆ ಕಡೆ ಹಿತ್ತಲ ಮಣ್ಣು ಪ್ಲಿಂತ್‌ಗಿಂತ ಮೇಲಕ್ಕೆ ರಾಶಿ ಬಿದ್ದಿತ್ತು, ಮಾಳಿಗೆಯ ನೀರು ಇಳಿಯುವ ಪೈಪು ಅಲ್ಲೇ ಒಡೆದು ಆ ಮಣ್ಣಿಗೇ ಸುರಿಯುತ್ತಿತ್ತು. ಮಣ್ಣು ತೆಗೆಸಿದ್ದಾರೆ, ಪೈಪು ಬದಲಿಸಿದ್ದಾರೆ, ಹಳೆ ಗಿಲಾಯಿ ಕೆತ್ತಿಸಿದ್ದಾರೆ. ಗೋಡೆ ಪೂರ್ತಿ ಒಣಗುವವರೆಗೆ ಮೇಲೆ ಬಣ್ಣ ಹಾಕಬೇಡಿ ಅಂತ ಕಾಕಾ ಹೇಳಿ ಬಂದಿದ್ದಾರೆ. ಆ ಕೂಸಿನವರು ದೀಪಾವಳಿವರೆಗೆ ಕಾಯುತ್ತೇವೆ ಅಂದಿದ್ದಾರೆ.